ಹಿಸ್ಟರಿ ಎಂ.ಎ. ಮುಗಿಸಿ ಪಿಎಚ್‌.ಡಿ. ಸೇರುವ ತನಕ

ನಮ್ಮ ಡಿಪಾರ್ಟ್‌ಮೆಂಟಿನ ಜೂನಿಯರ್‌ಗಳು ಈಗೀಗ ಫೋನ್ ಮಾಡುತ್ತಾರೆ. "ಅಣ್ಣಾ, ಎಂ.ಎ. ಮುಗೀತಾ ಬಂತು. ಮುಂದೆ ಏನ್ ಮಾಡೋದು? ಇದ್ರಲ್ಲಿ ಸ್ಕೋಪ್ ಇದ್ಯಾ?" ಒಬ್ಬೊಬ್ಬರಿಗೂ ಅರ್ಧ ಗಂಟೆ ಹೇಳಿ ಸಾಕಾಗಿದೆ. ಅದಕ್ಕೇ ಒಂದು ಸಲ ಬರೆದಿಟ್ಟುಬಿಡೋಣ ಅಂತ ಕೂತಿದ್ದೇನೆ. ನಾನು ಇತಿಹಾಸದಲ್ಲಿ ಎಂ.ಎ. ಮುಗಿಸಿದ್ದು 2022ರಲ್ಲಿ. ಪಿಎಚ್‌.ಡಿ.ಗೆ ಸೇರಿದ್ದು 2025ರಲ್ಲಿ. ನಡುವಿನ ಮೂರು ವರ್ಷದ ಕಥೆ ಇದು. ದೊಡ್ಡ ಸಾಧನೆ ಏನಲ್ಲ, ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ತಿಂಗಳು ತಿಂಗಳು ದುಡ್ಡು ಕೊಡುವ ಫೆಲೋಶಿಪ್) ನನಗೆ ಇವತ್ತಿಗೂ ಆಗಿಲ್ಲ. ಅದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು.

ನಮ್ಮದು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿ. ತೆಂಗು, ಒಂದಿಷ್ಟು ರಾಗಿ. ಎಂ.ಎ. ಕ್ಲಾಸಿನಲ್ಲಿ ನಾವು 32 ಜನ ಇದ್ದೆವು. ಮೂರನೇ ಸೆಮಿಸ್ಟರ್ ಹೊತ್ತಿಗೇ ಅರ್ಧಕ್ಕರ್ಧ ಜನ ಪಿಡಿಒ, ಎಫ್‌ಡಿಎ, ಕೆಎಎಸ್ ಅಂತ ಬೆಂಗಳೂರಿನ ವಿಜಯನಗರದ ಕಡೆಗೋ ಧಾರವಾಡದ ಕಡೆಗೋ ಕೋಚಿಂಗಿಗೆ ಮುಖ ಮಾಡಿದ್ದರು. ಉಳಿದವರ ತಲೆಯಲ್ಲಿ ಬಿ.ಎಡ್. ಇತ್ತು. ಸಂಶೋಧನೆ ಅಂದರೆ ಏನು, ಅದಕ್ಕೆ ದುಡ್ಡು ಯಾರು ಕೊಡುತ್ತಾರೆ ಅನ್ನುವುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ನೋಟಿಸ್ ಬೋರ್ಡಿಗೆ ಫೆಲೋಶಿಪ್‌ನ ಸುತ್ತೋಲೆ ಬರುತ್ತಿತ್ತು. ಆದರೆ ಅದು ಅಂಟಿಸುವ ಹೊತ್ತಿಗೆ ಕೊನೇ ದಿನಾಂಕ ಕಳೆದು ವಾರವಾಗಿರುತ್ತಿತ್ತು.

ನಾಲ್ಕನೇ ಸೆಮಿಸ್ಟರಿಗೆ ಕಿರುಪ್ರಬಂಧ ಬರೆಯಬೇಕಿತ್ತು. ಎಲ್ಲರೂ ಹಳೇ ಬ್ಯಾಚಿನವರದ್ದನ್ನು ತಂದು ಅಲ್ಲಿ ಇಲ್ಲಿ ತಿದ್ದಿ ಕೊಡುವ ಲೆಕ್ಕದಲ್ಲಿದ್ದೆವು. ನನ್ನ ಗೈಡ್ ಮೇಷ್ಟ್ರು ಬಿಡಲಿಲ್ಲ.

"ಪುಸ್ತಕ ನೋಡ್ಕೊಂಡು ಪುಸ್ತಕ ಬರೀಬೇಡಪ್ಪ. ನಿಮ್ಮೂರ ಹತ್ರ ಶಾಸನ ಇದ್ಯಾ?"

"ಇಲ್ಲ ಸರ್."

"ಅರಸೀಕೆರೆ ಕಡೆಯವನು ಇಲ್ಲ ಅಂದ್ರೆ ಹೇಗೆ? ಹೋಗಿ ನೋಡ್ಕೊಂಡು ಬಾ."

ಹೋದೆ. ಪಕ್ಕದ ಊರಿನ ಕೆರೆ ಏರಿಯ ಪಕ್ಕ ಒಂದು ಕಲ್ಲು ನಿಂತಿತ್ತು. ಮೇಲೆ ಸೂರ್ಯ, ಚಂದ್ರ, ಲಿಂಗ, ಹಸು. ಕೆಳಗೆ ಪಾಚಿ ಕಟ್ಟಿದ ಅಕ್ಷರ. ಅದಕ್ಕೆ ಒಬ್ಬ ಅಜ್ಜಿ ಎಮ್ಮೆ ಕಟ್ಟಿದ್ದರು. ಎಮ್ಮೆ ಎಷ್ಟೋ ವರ್ಷದಿಂದ ಮೈ ಉಜ್ಜಿ ಉಜ್ಜಿ ಕಲ್ಲಿನ ಒಂದು ಅಂಚು ನುಣ್ಣಗಾಗಿತ್ತು. ಫೋಟೋ ತೆಗೆದೆ. ಹೊಸ ಶಾಸನ ಸಿಕ್ಕೇಬಿಟ್ಟಿತು, ಪೇಪರಿನಲ್ಲಿ ಹೆಸರು ಬರುತ್ತೆ ಅಂತ ರಾತ್ರಿ ನಿದ್ದೆಯೇ ಬರಲಿಲ್ಲ.

ಮಾರನೇ ವಾರ ಮೇಷ್ಟ್ರು ಲೈಬ್ರರಿಯಿಂದ ಶಾಸನಗಳನ್ನು ಅಚ್ಚು ಹಾಕಿದ ಎಪಿಗ್ರಾಫಿಯಾ ಕರ್ನಾಟಿಕಾದ ಐದನೇ ಸಂಪುಟ ತಂದು ಮುಂದೆ ಇಟ್ಟರು. ಹಾಸನ ಜಿಲ್ಲೆಯ ಸಂಪುಟ, 1902ರದ್ದು, ಬಿ.ಎಲ್. ರೈಸ್ ಅವರದ್ದು. ಅದರಲ್ಲಿ ತಾಲ್ಲೂಕುವಾರು ನಂಬರ್ ಹಾಕಿರುತ್ತಾರೆ. ಬೆರಳಿಟ್ಟು ತೋರಿಸಿದರು. ನನ್ನ "ಹೊಸ" ಶಾಸನ ಅಲ್ಲಿ ಅಚ್ಚಾಗಿ 120 ವರ್ಷವಾಗಿತ್ತು! ಮುಖ ಇಷ್ಟಗಲ ಮಾಡಿಕೊಂಡು ಹೋದವನು ಸಪ್ಪಗೆ ಕೂತೆ. ಮೇಷ್ಟ್ರು ನಗುತ್ತಾ, "ಕೊನೇ ಸಾಲು ನೋಡು" ಅಂದರು. ಶಾಸನದ ಪಾಠ ಅರ್ಧಕ್ಕೆ ನಿಂತಿತ್ತು. ಉಳಿದದ್ದು ನೆಲದಲ್ಲಿ ಹೂತಿತ್ತು.

ಹೂತದ್ದನ್ನು ತೆಗೆಯುವುದು ಅಂದುಕೊಂಡಷ್ಟು ಸುಲಭ ಅಲ್ಲ. ನಮ್ಮ ಕಡೆ ಶಾಸನದ ಬುಡ ಕೆದಕಿದವನು ನಿಧಿ ಕಳ್ಳ ಅಂತಲೇ ಲೆಕ್ಕ. ಪಂಚಾಯಿತಿ ಮೆಂಬರ್ ಬಂದರು, ದೇವಸ್ಥಾನದ ಪೂಜಾರಪ್ಪ ಬಂದರು, ಕೆಲಸ ಇಲ್ಲದ ಹುಡುಗರೆಲ್ಲ ಬಂದು ಸುತ್ತ ನಿಂತರು. ವಿಶ್ವವಿದ್ಯಾಲಯದ ಪತ್ರ ತೋರಿಸಿದೆ. ಅಜ್ಜಿ ಎಮ್ಮೆ ಬಿಚ್ಚಿಕೊಂಡು ಹೋಗುವಾಗ ಹೇಳಿದ್ದು ಇಷ್ಟೇ: "ಏನಾರ ಸಿಕ್ರೆ ನಂಗೂ ಅರ್ಧ ಕೊಡ್ಬೇಕು ಮಗಾ." ಸುಮಾರು ಒಂದೂವರೆ ಅಡಿ ಮಣ್ಣು ತೆಗೆದ ಮೇಲೆ ಆರು ಸಾಲು ಕಂಡಿತು.

ಶಾಸನವನ್ನು ಕಾಗದಕ್ಕೆ ಅಚ್ಚು ತೆಗೆಯುವುದನ್ನು ನಾನು ಕಲಿತದ್ದು ಅವತ್ತು. ಮೊದಲು ತೆಂಗಿನ ನಾರಿನ ಬ್ರಷ್‌ನಿಂದ ಕಲ್ಲು ತೊಳೆಯಬೇಕು. ಆಸಿಡ್ ಗೀಸಿಡ್ ಹಾಕಬಾರದು. ಮ್ಯಾಪ್ಲಿಥೋ ಕಾಗದವನ್ನು ನೀರಿನಲ್ಲಿ ನೆನೆಸಿ ಕಲ್ಲಿಗೆ ಹೊದಿಸಬೇಕು. ಆಮೇಲೆ ಗಟ್ಟಿ ಬ್ರಷ್‌ನಿಂದ ಮೇಲಿಂದ ಕೆಳಕ್ಕೆ ಟಪ ಟಪ ಹೊಡೆಯುತ್ತಾ ಹೋದರೆ ಒಳಗಿನ ಗಾಳಿ ಹೋಗಿ ಕಾಗದ ಅಕ್ಷರದ ಗುಳಿಗೆ ಇಳಿಯುತ್ತದೆ. ಮೊದಲ ಸಲ ನೀರು ಜಾಸ್ತಿಯಾಗಿ ಕಾಗದ ಹರಿದುಹೋಯಿತು. ಎರಡನೇ ಸಲ ಮೇಷ್ಟ್ರೇ ಪ್ಯಾಂಟ್ ಮಡಚಿಕೊಂಡು ಕೂತರು. ಕಾಗದ ಅರ್ಧಂಬರ್ಧ ಒಣಗಿದಾಗ, ಬಟ್ಟೆ ಸುತ್ತಿದ ಉಂಡೆಗೆ ಕಪ್ಪು ಮಸಿ ತಾಗಿಸಿ ಮೆಲ್ಲಗೆ ಒತ್ತಬೇಕು. ಕಾಗದದ ಮೈ ಕಪ್ಪಾಗುತ್ತದೆ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಎಂಟು ನೂರು ವರ್ಷದ ಹಿಂದೆ ಯಾರೋ ಒಬ್ಬ ಕುಟ್ಟಿದ ಅಕ್ಷರ ಕಣ್ಣ ಮುಂದೆ ಒಂದೊಂದಾಗಿ ಎದ್ದು ಬರುತ್ತಿದ್ದರೆ ಸುತ್ತ ನಿಂತ ಹುಡುಗರೂ ಮಾತು ನಿಲ್ಲಿಸಿದರು.

ಆರು ಸಾಲಿನಲ್ಲಿ ಇದ್ದದ್ದು ದೇವರಿಗೆ ಬಿಟ್ಟ ಭೂಮಿಯ ಲೆಕ್ಕ. ಗದ್ದೆ ಇಷ್ಟು ಸಲಗೆ, ಬೆದ್ದಲೆ ಇಷ್ಟು ಕಂಬ, ಸಲಗೆ ಕಂಬ ಎರಡೂ ಆ ಕಾಲದ ಭೂಮಿಯ ಅಳತೆ. ಕೊನೆಗೆ ಎಲ್ಲ ಕಡೆ ಬರುವ ಶಾಪ, ಇದನ್ನು ಕೆಡಿಸಿದವನು ವಾರಣಾಸಿಯಲ್ಲಿ ಕವಿಲೆ (ಹಸು) ಕೊಂದ ಪಾಪಕ್ಕೆ ಹೋಗುತ್ತಾನೆ ಅಂತ. "ಬೆದ್ದಲೆ" ಅನ್ನುವಲ್ಲಿ ನಾನು ತಡೆದೆ. ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಅಜ್ಜಿ, "ಬೆದ್ಲು ಗೊತ್ತಿಲ್ವಾ? ಮಳೆ ನೀರಲ್ಲಿ ಬೆಳೆಯೋ ಹೊಲ. ನಿಮ್ಮಪ್ಪನ್ನ ಕೇಳು, ರಾಗಿ ಎಲ್ಲಿ ಹಾಕ್ತಾನೆ ಅಂತ" ಅಂದರು. ಎರಡು ವರ್ಷ ಎಂ.ಎ. ಓದಿದವನಿಗೆ ಇಷ್ಟು ನಾಚಿಕೆ ಬೇರೆ ಯಾವತ್ತೂ ಆಗಿರಲಿಲ್ಲ.

ಕಿರುಪ್ರಬಂಧಕ್ಕೆ ಒಳ್ಳೆ ಅಂಕ ಬಂತು. ಆದರೆ ಅಂಕ ಹೊಟ್ಟೆ ತುಂಬಿಸುವುದಿಲ್ಲವಲ್ಲ. ಒಂದು ಖಾಸಗಿ ಪದವಿ ಕಾಲೇಜಿಗೆ ಪಾಠ ಮಾಡಲು ಸೇರಿದೆ. ತಿಂಗಳಿಗೆ 14 ಸಾವಿರ, ಅದೂ ವರ್ಷಕ್ಕೆ ಹತ್ತು ತಿಂಗಳು. ಸಂಬಳ ಎರಡು ತಿಂಗಳಿಗೊಮ್ಮೆ ಒಟ್ಟಿಗೆ ಬರುತ್ತಿತ್ತು, ಕೆಲವು ಸಲ ಅದೂ ಇಲ್ಲ. ಈ ಭಾಗ ಎಲ್ಲರಿಗೂ ಗೊತ್ತಿರುವುದೇ, ಜಾಸ್ತಿ ಬರೆಯುವುದಿಲ್ಲ.

ಅದರ ಜೊತೆಗೆ ಬೆಂಗಳೂರಿನಲ್ಲಿ ವಾರಾಂತ್ಯಕ್ಕೆ ನಡೆಯುವ ಶಾಸನಶಾಸ್ತ್ರ ಡಿಪ್ಲೊಮಾಕ್ಕೆ ಸೇರಿದೆ. ಬೆಳಗಿನ ಜಾವ ಅರಸೀಕೆರೆಯಲ್ಲಿ ರೈಲು ಹತ್ತಿದರೆ ರಾತ್ರಿ ಊರು. ಕ್ಲಾಸಿನಲ್ಲಿ ನನ್ನ ವಯಸ್ಸಿನವರು ಇಬ್ಬರೇ. ಉಳಿದವರು ನಿವೃತ್ತರಾದ ಬ್ಯಾಂಕಿನವರು, ಟೀಚರುಗಳು, ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್. ಅಲ್ಲಿ ಅಕ್ಷರ ಹೇಗೆ ಹೇಗೆ ಬದಲಾಯಿತು, ಹಳಗನ್ನಡದ ಱ ಮತ್ತು ೞ ಯಾವಾಗ ಕಾಣೆಯಾದವು, ಶಕವರ್ಷಕ್ಕೆ 78 ಸೇರಿಸಿ ಇಸವಿ ಹೇಗೆ ತೆಗೆಯುವುದು ಎಲ್ಲ ಕಲಿತೆ. ಶಕ 1100 ಅಂದರೆ 1178. ಜೊತೆಗೆ ಸಂವತ್ಸರದ ಹೆಸರು ಕೊಟ್ಟಿದ್ದರೆ ಅದು ವಿಳಂಬಿಯೇ ಅಂತ ತಾಳೆ ನೋಡಬೇಕು. ತಾಳೆ ಆಗದಿದ್ದರೆ ನೀವು ಓದಿದ್ದು ತಪ್ಪು, ಇಲ್ಲವೇ ಬರೆದವನು ತಪ್ಪು.

ಆ ಸಾಫ್ಟ್‌ವೇರ್ ಇಂಜಿನಿಯರ್ ಮೂಲಕವೇ ಇನ್ನೊಂದು ಲೋಕ ಗೊತ್ತಾಯಿತು. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಕೆಲಸ ಮಾಡುವಾಗ ಸಿಕ್ಕ ಕಿತ್ತಯ್ಯನ ಶಾಸನ ಕ್ರಿ.ಶ. 750ರ ಸುಮಾರಿನದ್ದು. ಅದನ್ನು ಉಳಿಸಲು ಓಡಾಡಿದವರಲ್ಲಿ ಬಹಳ ಜನ ಇತಿಹಾಸ ಓದಿದವರೇ ಅಲ್ಲ. ಮಿಥಿಕ್ ಸೊಸೈಟಿ ಅನ್ನುವ ಸಂಶೋಧನಾ ಸಂಸ್ಥೆಯವರು ಬೆಂಗಳೂರಿನ ಸುತ್ತಮುತ್ತಲ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿಸುತ್ತಿದ್ದಾರೆ. ಮೈಸೂರಿನಲ್ಲಿ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗ ಇದೆ. ಶಾಸ್ತ್ರೀಯ ಕನ್ನಡ ಅಧ್ಯಯನ ಕೇಂದ್ರ ಇದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಶಾಸನ ಸಂಪುಟಗಳನ್ನೇ ತಂದಿದೆ. ಇವೆಲ್ಲ ನಮ್ಮ ಮೂಗಿನ ಕೆಳಗೇ ಇದ್ದವು. ಎಂ.ಎ. ಓದುವಾಗ ಒಂದನ್ನೂ ಯಾರೂ ಹೇಳಿರಲಿಲ್ಲ.

ಹಾಗೇ ಒಂದು ಡಿಜಿಟಲೀಕರಣ ಯೋಜನೆಯಲ್ಲಿ ಕೆಲಸ ಸಿಕ್ಕಿತು. ತಿಂಗಳಿಗೆ 18 ಸಾವಿರ, ಆರು ತಿಂಗಳಿಗೊಮ್ಮೆ ಮುಂದುವರಿಕೆ. ಕೆಲಸ ಏನು ಅಂದರೆ ಓಲೆಗರಿ ಸ್ಕ್ಯಾನ್ ಮಾಡುವುದು. ಗರಿಯನ್ನು ಮೃದುವಾದ ಬ್ರಷ್‌ನಿಂದ ಒರೆಸಿ, ಮಜ್ಜಿಗೆ ಹುಲ್ಲಿನ ಎಣ್ಣೆ ಸವರಿ, ಅಕ್ಷರಕ್ಕೆ ಮಸಿ ತುಂಬಿ, ಒಂದೊಂದು ಮಗ್ಗುಲನ್ನೂ ಸ್ಕ್ಯಾನ್ ಮಾಡಿ ವಿವರ ತುಂಬುವುದು. ಸಂಜೆ ಬಸ್ಸಿನಲ್ಲಿ ಪಕ್ಕ ಕೂತವರು ಮೂಗು ಅರಳಿಸುತ್ತಿದ್ದರು, ಅಷ್ಟು ವಾಸನೆ ಮೈಗೆ ಹತ್ತಿರುತ್ತಿತ್ತು. ಬೇಜಾರಾದಾಗಲೆಲ್ಲ ಆರ್. ಶಾಮಶಾಸ್ತ್ರಿಗಳನ್ನು ನೆನೆಯುತ್ತಿದ್ದೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಇಂಥದ್ದೇ ಓಲೆ ಕಟ್ಟುಗಳ ನಡುವೆ ಅಲ್ಲವೇ ಅವರಿಗೆ 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿದ್ದು. ನನಗೆ ಸಿಕ್ಕಿದ್ದು ಹೆಚ್ಚಾಗಿ ವೈದ್ಯ, ಜ್ಯೋತಿಷ್ಯ ಮತ್ತು ಜಿರಲೆ ಮೊಟ್ಟೆ.

ಈಗ ನೆಟ್ ವಿಷಯಕ್ಕೆ ಬರುತ್ತೇನೆ, ಎಲ್ಲರೂ ಕೇಳುವುದು ಅದನ್ನೇ. ಕಾಲೇಜಿನಲ್ಲಿ ಪಾಠ ಮಾಡಲು, ಸಂಶೋಧನೆಗೆ ಸೇರಲು ಬರೆಯುವ ದೇಶಮಟ್ಟದ ಅರ್ಹತಾ ಪರೀಕ್ಷೆ ಅದು. ಯುಜಿಸಿ ನೆಟ್‌ನಲ್ಲಿ ಎರಡು ಪೇಪರ್. ಮೊದಲನೆಯದು 50 ಪ್ರಶ್ನೆ, 100 ಅಂಕ, ಎಲ್ಲ ವಿಷಯದವರಿಗೂ ಒಂದೇ. ಎರಡನೆಯದು ನಿಮ್ಮ ವಿಷಯದ್ದು, 100 ಪ್ರಶ್ನೆ, 200 ಅಂಕ. ಒಟ್ಟಿಗೆ ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ. ನನಗೆ ಕಷ್ಟವಾದದ್ದು ಇತಿಹಾಸ ಅಲ್ಲ, ಇಂಗ್ಲಿಷ್. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಪ್ರಶ್ನೆಪತ್ರಿಕೆ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ದತ್ತಿ, ಉಂಬಳಿ, ಸುಂಕ ಎಲ್ಲ ಬಾಯಲ್ಲೇ ಇದ್ದವು, ಅದೇ ಇಂಗ್ಲಿಷಿನಲ್ಲಿ ಬಂದಾಗ ಗುರುತೇ ಹತ್ತುತ್ತಿರಲಿಲ್ಲ. ಕೊನೆಗೆ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್ ಬರೆದುಕೊಂಡು ಬಾಯಿಪಾಠ ಮಾಡಿದೆ. ಗೈಡ್ ಪುಸ್ತಕಗಳಿಗಿಂತ ಆ ನೋಟ್‌ಬುಕ್ಕೇ ನನ್ನನ್ನು ಪಾಸು ಮಾಡಿದ್ದು.

ಪಾಸಾಗುವ ಮುಂಚೆ ಇನ್ನೊಂದು ಆಟ ನಡೆಯಿತು. 2024ರ ಜೂನ್ 18, ಮಂಗಳವಾರ. ಹಿಂದಿನ ದಿನವೇ ಮೈಸೂರಿಗೆ ಹೋಗಿ ಲಾಡ್ಜ್ ಮಾಡಿ, ಪರೀಕ್ಷೆ ಬರೆದೆ. ಚೆನ್ನಾಗಿ ಆಗಿತ್ತು. ಮಾರನೇ ದಿನ ರಾತ್ರಿ ಮನೆಯಲ್ಲಿ ಮುದ್ದೆ ಮುರಿಯುತ್ತಾ ಕೂತಿದ್ದೆ, ಗೆಳೆಯನ ಫೋನ್ ಬಂತು. "ಎಕ್ಸಾಮ್ ಕ್ಯಾನ್ಸಲ್ ಕಣೋ." ತಮಾಷೆ ಅಂದುಕೊಂಡೆ. ಟಿವಿ ಹಾಕಿದರೆ ನಿಜ. ದೇಶದಲ್ಲಿ 9 ಲಕ್ಷಕ್ಕೂ ಹೆಚ್ಚು ಜನ ಬರೆದ ಪರೀಕ್ಷೆ ಒಂದೇ ದಿನಕ್ಕೆ ರದ್ದು. ಅಪ್ಪ ಕೇಳಿದರು, "ಹಂಗಾದ್ರೆ ಲಾಡ್ಜ್ ದುಡ್ಡು ವಾಪಸ್ ಕೊಡ್ತಾರಾ?" ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮರುಪರೀಕ್ಷೆ ಆಗಸ್ಟ್ 21ರಿಂದ ಸೆಪ್ಟೆಂಬರ್ 4ರವರೆಗೆ ನಡೆಯಿತು, ಈ ಸಲ ಕಂಪ್ಯೂಟರಿನಲ್ಲಿ. ಫಲಿತಾಂಶ ಬಂದಿದ್ದು ಅಕ್ಟೋಬರ್ 17ಕ್ಕೆ. ಸುಮಾರು 6.84 ಲಕ್ಷ ಜನ ಬರೆದಿದ್ದರು, ಎಲ್ಲ ವಿಷಯ ಸೇರಿ ಜೆಆರ್‌ಎಫ್ ಆದವರು 4,970. ನಾನು ಅದರಲ್ಲಿ ಇರಲಿಲ್ಲ. ಆದರೆ ಅಸಿಸ್ಟೆಂಟ್ ಪ್ರೊಫೆಸರ್ ಮತ್ತು ಪಿಎಚ್‌.ಡಿ. ಪ್ರವೇಶದ ಅರ್ಹತೆ ಸಿಕ್ಕಿತ್ತು. ಆ ಸಲದಿಂದಲೇ ಮೂರು ಬಗೆಯ ಅರ್ಹತೆ ಶುರುವಾಗಿತ್ತು. ಜೆಆರ್‌ಎಫ್ ಆದವರಿಗೆ ತಿಂಗಳಿಗೆ 37 ಸಾವಿರ, ಎರಡು ವರ್ಷದ ನಂತರ ಸೀನಿಯರ್ ಫೆಲೋ, ಅಂದರೆ ಎಸ್‌ಆರ್‌ಎಫ್ ಆಗಿ 42 ಸಾವಿರ. ಎರಡನೆಯ ಬಗೆ ನನ್ನದು. ಮೂರನೆಯವರಿಗೆ ಪಿಎಚ್‌.ಡಿ. ಪ್ರವೇಶ ಮಾತ್ರ. ಎರಡು ಮತ್ತು ಮೂರನೆಯವರು ಪಿಎಚ್‌.ಡಿ.ಗೆ ಸೇರುವಾಗ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30. ಆ ಅಂಕ ಒಂದು ವರ್ಷ ಮಾತ್ರ ನಡೆಯುತ್ತದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ.

ಇನ್ನೊಂದು ಗುಂಡಿ ಇದೆ, ನಾನು ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ನಮ್ಮ ಮನೆಯಲ್ಲಿ ಇದ್ದದ್ದು ರಾಜ್ಯದ 2ಎ ಜಾತಿ ಮತ್ತು ಆದಾಯ ಪ್ರಮಾಣಪತ್ರ. ನೆಟ್‌ಗೆ ಅದು ಆಗುವುದಿಲ್ಲ. ಕೇಂದ್ರದ ಪಟ್ಟಿಯ ಪ್ರಕಾರ ಒಬಿಸಿ, ಕೆನೆಪದರಕ್ಕೆ ಸೇರಿಲ್ಲ ಅನ್ನುವ ಬೇರೆಯೇ ಪ್ರಮಾಣಪತ್ರ ಬೇಕು. ಎರಡೂ ಒಂದೇ ಅಂದುಕೊಂಡು ಕೊನೇ ಗಳಿಗೆಯಲ್ಲಿ ಓಡಾಡಿದವರನ್ನು ನೋಡಿದ್ದೇನೆ. ಅರ್ಜಿ ಹಾಕುವ ಎರಡು ತಿಂಗಳ ಮೊದಲೇ ಮಾಡಿಸಿಟ್ಟುಕೊಳ್ಳಿ.

ಅದೇ ವರ್ಷ ನವೆಂಬರ್ 24ಕ್ಕೆ ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್ ಕೂಡ ಬರೆದೆ. ಅಲ್ಲಿ ಪ್ರಶ್ನೆ ಕನ್ನಡದಲ್ಲೂ ಇರುತ್ತದೆ. ಎಷ್ಟು ಹಾಯಾಗಿತ್ತು ಅಂದರೆ, ಊರಿಗೆ ಬಂದ ಹಾಗೆ. ಅದೂ ಆಯಿತು. ಫೆಲೋಶಿಪ್ ಇಲ್ಲ, ರಾಜ್ಯದ ಕಾಲೇಜುಗಳಿಗೆ ಅರ್ಹತೆ ಅಷ್ಟೇ.

ಪಿಎಚ್‌.ಡಿ. ಪ್ರಕಟಣೆ ಬಂದಾಗ ಮೊದಲು ನೋಡಬೇಕಾದದ್ದು ವಿಷಯ ಅಲ್ಲ, ಸೀಟು. ಯುಜಿಸಿ ನಿಯಮದ ಪ್ರಕಾರ ಒಬ್ಬ ಪ್ರೊಫೆಸರ್ ಒಟ್ಟಿಗೆ 8 ಜನಕ್ಕೆ, ಅಸೋಸಿಯೇಟ್ ಪ್ರೊಫೆಸರ್ 6 ಜನಕ್ಕೆ, ಅಸಿಸ್ಟೆಂಟ್ ಪ್ರೊಫೆಸರ್ 4 ಜನಕ್ಕೆ ಮಾತ್ರ ಮಾರ್ಗದರ್ಶನ ಮಾಡಬಹುದು. ಯಾರ ಬಳಿ ಎಷ್ಟು ಖಾಲಿ ಇದೆ, ಆ ಖಾಲಿ ಜಾಗ ಯಾವ ವರ್ಗಕ್ಕೆ ಅಂತ ಪಟ್ಟಿ ಹಾಕುತ್ತಾರೆ. ಅದನ್ನು ನೋಡದೆ ಅರ್ಜಿ ಹಾಕಿದರೆ ಶುಲ್ಕ ದಂಡ.

ಸಂಶೋಧನಾ ಪ್ರಸ್ತಾವನೆ ಬರೆದುಕೊಂಡು ಹಳೇ ಮೇಷ್ಟ್ರ ಮನೆಗೆ ಹೋದೆ. ಶೀರ್ಷಿಕೆ ಹೀಗಿತ್ತು: "ಹೊಯ್ಸಳರ ಕಾಲದ ಸಾಮಾಜಿಕ, ಆರ್ಥಿಕ, ಧಾರ್ಮಿಕ ಹಾಗೂ ಸಾಂಸ್ಕೃತಿಕ ಜೀವನ: ಒಂದು ಅಧ್ಯಯನ". ಅವರು ಕನ್ನಡಕದ ಮೇಲಿಂದ ನೋಡಿದರು. "ಇಷ್ಟನ್ನೂ ನೀನೊಬ್ಬನೇ ಮಾಡ್ತೀಯಾ? ಉಳಿದೋರಿಗೆ ಸ್ವಲ್ಪ ಬಿಡಪ್ಪ." ಕೆಂಪು ಪೆನ್ನು ತೆಗೆದು ಒಂದೊಂದೇ ಪದ ಹೊಡೆಯುತ್ತಾ ಹೋದರು. ಮೊದಲು ಹೋಗಿದ್ದು "ಒಂದು ಅಧ್ಯಯನ". ಟೀ ಮುಗಿಯುವ ಹೊತ್ತಿಗೆ ಉಳಿದದ್ದು: "ಅರಸೀಕೆರೆ ತಾಲ್ಲೂಕಿನ ಶಾಸನಗಳಲ್ಲಿ ಕೆರೆ ಮತ್ತು ಬೆದ್ದಲು, 1100–1350". ಎಷ್ಟು ಶಾಸನ, ಯಾವ ಸಂಪುಟ, ಎಷ್ಟು ಊರು ಸುತ್ತಬೇಕು, ಯಾವ ತಿಂಗಳು ಏನು ಅಂತ ಬರೆಯಿಸಿದರು. ಮಳೆಗಾಲದಲ್ಲಿ ಊರು ಸುತ್ತುವ ಕೆಲಸ ಹಾಕಿಕೊಂಡಿದ್ದೆ, ಅದನ್ನೂ ಹೊಡೆದರು. ಕೆರೆ ಏರಿಯ ಕಲ್ಲು ಮಳೆಗಾಲದಲ್ಲಿ ಪಾಚಿ, ಬೇಸಿಗೆಯಲ್ಲೇ ಹೋಗಬೇಕು.

ಸಂದರ್ಶನದಲ್ಲಿ ಐದು ಜನ ಕೂತಿದ್ದರು. ಒಬ್ಬರು ಕೇಳಿದರು, "ಕಂಬ ಅಂದ್ರೆ ಎಷ್ಟು? ಇವತ್ತಿನ ಲೆಕ್ಕದಲ್ಲಿ ಹೇಳಿ." ನಾನು, "ಒಂದೇ ಅಳತೆ ಹೇಳಕ್ಕಾಗಲ್ಲ ಸರ್. ಅಳತೆ ಕೋಲು ಊರಿಂದ ಊರಿಗೆ ಬೇರೆ ಇರ್ತಿತ್ತು. ಯಾವ ಕೋಲು ಅಂತ ಶಾಸನದಲ್ಲೇ ಹೇಳಿದ್ರೆ ಮಾತ್ರ ಲೆಕ್ಕ ಹಾಕ್ಬೋದು" ಅಂದೆ. ಇನ್ನೊಬ್ಬರು ಇಂಗ್ಲಿಷಿನಲ್ಲಿ ಏನೋ ಸಿದ್ಧಾಂತದ ಬಗ್ಗೆ ಕೇಳಿದರು, ತೊದಲಿದೆ. ಮೂರನೆಯವರು "ಬೆದ್ದಲು ಅನ್ನೋ ಪದ ಈಗ್ಲೂ ಬಳಕೆಯಲ್ಲಿ ಇದ್ಯಾ?" ಅಂತ ಕೇಳಿದಾಗ ಎಮ್ಮೆ ಅಜ್ಜಿಯ ಕಥೆ ಪೂರ್ತಿ ಹೇಳಿಬಿಟ್ಟೆ. ನಕ್ಕರು. ಸೀಟು ಸಿಕ್ಕಿತು.

ದುಡ್ಡಿನ ಪ್ರಶ್ನೆ ಹಾಗೇ ಇದೆ. ಓಲೆಗರಿಯ ಕೆಲಸ ಬಿಟ್ಟಿದ್ದೇನೆ, ಈಗ ಬಿಡುವಿದ್ದಾಗ ಒಬ್ಬರಿಗೆ ಶಾಸನ ಪಾಠ ಟೈಪ್ ಮಾಡಿಕೊಡುತ್ತೇನೆ, ಪುಟಕ್ಕೆ ಇಷ್ಟು ಅಂತ. ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತಿನ, ಅಂದರೆ ಐಸಿಎಚ್‌ಆರ್ ಫೆಲೋಶಿಪ್‌ಗೆ ಅರ್ಜಿ ಹಾಕಿದ್ದೇನೆ. ಹಿಂದುಳಿದ ವರ್ಗಗಳ ಇಲಾಖೆಯಿಂದ ಪೂರ್ಣಾವಧಿ ಪಿಎಚ್‌.ಡಿ. ವಿದ್ಯಾರ್ಥಿಗಳಿಗೆ ಕೊಡುವ ಸಹಾಯಧನಕ್ಕೂ ಹಾಕಿದ್ದೇನೆ. ನೆಟ್ ಮತ್ತೆ ಬರೆಯುತ್ತೇನೆ. 2022ರ ಯುಜಿಸಿ ನಿಯಮದಲ್ಲಿ ಪ್ರಬಂಧ ಕೊಡುವ ಮುಂಚೆ ಜರ್ನಲ್‌ನಲ್ಲಿ ಲೇಖನ ಬಂದಿರಲೇಬೇಕು ಅನ್ನುವ ಕಡ್ಡಾಯ ತೆಗೆದಿದ್ದಾರೆ, ಅದೊಂದು ನೆಮ್ಮದಿ. ದುಡ್ಡು ತೆಗೆದುಕೊಂಡು ಲೇಖನ ಹಾಕುವ ಜರ್ನಲ್‌ಗಳವರ ಮೆಸೇಜು ಮಾತ್ರ ಇನ್ನೂ ದಿನಾ ಬರುತ್ತದೆ.

ಕ್ಲಾಸ್‌ಮೇಟ್‌ಗಳ ಪೈಕಿ ಒಬ್ಬ ಪಿಡಿಒ ಆಗಿದ್ದಾನೆ. ಒಬ್ಬಳು ಗ್ರೇಟರ್ ನೋಯ್ಡಾದ ಪುರಾತತ್ವ ಸಂಸ್ಥೆಯ ಎರಡು ವರ್ಷದ ಪಿ.ಜಿ. ಡಿಪ್ಲೊಮಾಕ್ಕೆ ತಯಾರಿ ನಡೆಸಿದ್ದಾಳೆ. ಎಲ್ಲರಿಗಿಂತ ಜಾಸ್ತಿ ದುಡಿಯುತ್ತಿರುವವನು ಹಳೇಬೀಡಿನಲ್ಲಿ ಗೈಡ್ ಆಗಿರುವ ಗೆಳೆಯ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಭಾನುವಾರ ಅವನಿಗೆ ಊಟಕ್ಕೂ ಪುರುಸೊತ್ತಿಲ್ಲ. ನನಗೆ ಫೋನ್ ಮಾಡಿ, "ಡಾಕ್ಟ್ರೇ, ಈ ಸಾಲಲ್ಲಿ ಏನ್ ಬರ್ದಿದೆ ಹೇಳಿ, ಟೂರಿಸ್ಟ್ ಕೇಳ್ತಾವ್ರೆ" ಅನ್ನುತ್ತಾನೆ. ಡಾಕ್ಟರ್ ಆಗಲು ಇನ್ನೂ ಕಡಿಮೆ ಅಂದರೂ ಎರಡು ವರ್ಷ ಇದೆ ಅಂದರೆ ಕೇಳುವುದಿಲ್ಲ.

ಹೋದ ತಿಂಗಳು ಕಡೂರು ಕಡೆಯ ಒಬ್ಬ ಜೂನಿಯರ್ ಅದೇ ಪ್ರಶ್ನೆ ಕೇಳಿದ, ಸ್ಕೋಪ್ ಇದ್ಯಾ ಅಣ್ಣಾ ಅಂತ. ನಾನು ವಾಪಸ್ ಕೇಳಿದೆ, "ನಿಮ್ಮೂರಲ್ಲಿ ಶಾಸನ ಇದ್ಯಾ?" ಇಲ್ಲ ಅಂದ. ಎರಡು ದಿನ ಬಿಟ್ಟು ರಾತ್ರಿ ಹತ್ತು ಗಂಟೆಗೆ ಫೋಟೋ ಕಳಿಸಿದ. ಮಾರಮ್ಮನ ಗುಡಿ ಹಿಂದೆ ಒರಗಿಸಿದ ಕಲ್ಲು, ಮೇಲೆಲ್ಲ ಸೀಮೆಸುಣ್ಣ ಬಳಿದಿದ್ದಾನೆ. ಸುಣ್ಣ ತೊಳೆದುಬಿಡು, ಕತ್ತಲಲ್ಲಿ ಪಕ್ಕದಿಂದ ಓರೆಯಾಗಿ ಟಾರ್ಚ್ ಹಿಡಿದು ಮತ್ತೆ ತೆಗಿ ಅಂತ ಬರೆದೆ. ಅರ್ಧ ಗಂಟೆ ಬಿಟ್ಟು ಎರಡನೇ ಫೋಟೋ ಬಂತು. ಮೊದಲ ಎರಡು ಸಾಲು ಓದಲು ಬರುತ್ತದೆ. ಮೂರನೆಯದರಲ್ಲಿ ಒಂದು ಊರಿನ ಹೆಸರಿದೆ, ನಾಲ್ಕು ಅಕ್ಷರ, ನಡುವಿನ ಒಂದು ಮಾತ್ರ ಹತ್ತುತ್ತಿಲ್ಲ. ಬೇಸಿಗೆ ಶುರುವಾಗಲಿ, ಕಾಗದ ತಗೊಂಡು ಬರುತ್ತೇನೆ ಅಂದಿದ್ದೇನೆ.